ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಹನ್ನೊಂದು ವರ್ಷ ನಾನು ಹಂಪಯ್ಯಣ್ಣನ ಕುತ್ತಿಗೆಯ ಹಿಂಭಾಗ ನೋಡಿಕೊಂಡೇ ದುಡಿದಿದ್ದೇನೆ. ಅವನು ಡ್ರೈವರ್, ನಾನು ಕಂಡಕ್ಟರ್. ಅರಕೇರಾದಿಂದ ದೇವದುರ್ಗ, ದೇವದುರ್ಗದಿಂದ ರಾಯಚೂರು, ಮತ್ತೆ ಅದೇ ದಾರಿಯಲ್ಲಿ ವಾಪಸ್. ಕಟ್ಟಿಕೊಂಡ ಗಂಡನ ಮುಖವನ್ನೂ ನಾನು ಅಷ್ಟು ಹೊತ್ತು ನೋಡಿದವಳಲ್ಲ. ಆ ಕುತ್ತಿಗೆ ಬಿಗಿದರೆ ಮುಂದೆ ಎಮ್ಮೆ ಅಡ್ಡ ಬಂದಿದೆ, ಒಂದು ಕಡೆ ವಾಲಿದರೆ ಮನೆಯಲ್ಲಿ ಏನೋ ಮಾತು ಬಂದಿದೆ ಎಂದು ಹಿಂದಿನ ಬಾಗಿಲಿನಿಂದಲೇ ಹೇಳುತ್ತಿದ್ದೆ. ಕಳೆದ ಒಂದು ವರ್ಷದಿಂದ ಅದು ಪ್ರತಿ ಗೇರಿಗೂ ಬಿಗಿಯತೊಡಗಿತ್ತು. ರಸ್ತೆ ಖಾಲಿ ಇದ್ದರೂ ಬಿಗಿಯುತ್ತಿತ್ತು. ಕಾರಣ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಕಾರಣ ಅವನ ಎಡಗಾಲು. ಬಸ್ಸನ್ನು ಕೈ ಓಡಿಸುತ್ತದೆ ಎಂದು ಸೀಟಿನಲ್ಲಿ ಕುಳಿತವರು ತಿಳಿಯುತ್ತಾರೆ. ಓಡಿಸುವುದು ಎಡಗಾಲು. ಸ್ಟಾಪ್ ಬಂತೆಂದರೆ ಕ್ಲಚ್, ಹೊರಟಿತೆಂದರೆ ಕ್ಲಚ್, ಕುರಿ ಬಂದರೆ ಕ್ಲಚ್, ಕುರಿ ಹೋದರೆ ಕ್ಲಚ್. ಅವನು ಸೇವೆಗೆ ಸೇರಿದಾಗಿನ ಬಸ್ಸುಗಳಲ್ಲಂತೂ ಒಂದು ಗೇರಿಗೆ ಎರಡು ಸಲ ತುಳಿಯಬೇಕಿತ್ತಂತೆ. ತುಳಿದು ಗೇರು ಬಿಡಿಸಿ, ಕಾಲೆತ್ತಿ, ಎಂಜಿನ್ನನ್ನು ಸ್ವಲ್ಪ ಎಬ್ಬಿಸಿ, ಮತ್ತೆ ತುಳಿದು ಗೇರು ಹಾಕಬೇಕು. ಇಲ್ಲದಿದ್ದರೆ ಹಲ್ಲಿಗೆ ಹಲ್ಲು ಕಡಿದು ಬಸ್ಸಿನ ತುಂಬ ಕರಕರ ಸದ್ದು. ಮೂವತ್ತೊಂದು ವರ್ಷ ಹೀಗೆ ತುಳಿದ ಮೇಲೆ ಮಂಡಿ ಸವೆಯಿತು, ಸೊಂಟದಿಂದ ಇಳಿಯುವ ನರ ಹಿಡಿದುಕೊಂಡಿತು, ತೊಡೆ ಬತ್ತಿ ನನ್ನ ತೋಳಿನಷ್ಟಾಯಿತು. ಕ್ಲಚ್ ತುಳಿಯಬೇಕಾದಾಗ ಅವನು ಸ್ಟೇರಿಂಗ್ ಹಿಡಿದು ಸೀಟಿನಿಂದ ಅರ್ಧ ಎದ್ದು ಮೈಭಾರವನ್ನೆಲ್ಲ ಎಡಗಡೆಗೆ ಹಾಕುತ್ತಿದ್ದ.

ಬಿಟ್ಟುಬಿಡು ಎಂದು ಹೇಳುವುದು ಸುಲಭ. ಅರಕೇರಾದ ಅವನ ಕೇರಿಯಲ್ಲಿ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದವರಲ್ಲಿ ಅವನೇ ಮೊದಲನೆಯವನು. ತಾಯಿ ಗೋಪಮ್ಮ ಇದೇ ದೇವದುರ್ಗದ ರಸ್ತೆಗೆ ಜಲ್ಲಿ ಒಡೆದವಳು. ಅವನು ಹೊಸದಾಗಿ ಆ ದಾರಿಗೆ ಬಂದಾಗ ಊರಿನ ಕೆಲವು ದೊಡ್ಡ ಮನುಷ್ಯರು ಅವನ ಬಸ್ಸು ಹತ್ತದೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರಂತೆ. ಮುಂದಿನ ಬಸ್ಸು ಮೂರು ತಾಸಿಗೆ ಬರುತ್ತಿತ್ತು. ನಮ್ಮ ರಾಯಚೂರು ಸೀಮೆಯ ಬಿಸಿಲು ಎಂಥವರಿಗೂ ಬುದ್ಧಿ ಕಲಿಸುತ್ತದೆ. ಒಂದು ಬೇಸಿಗೆ ಕಳೆಯುವುದರೊಳಗೆ ಎಲ್ಲರೂ ಹತ್ತಿದರು. ಈಗ ಅವರ ಮೊಮ್ಮಕ್ಕಳು ಅವನನ್ನು ಕಾಕಾ ಎನ್ನುತ್ತಾರೆ. ಅವನ ಮಗಳು ವಿಶಾಖಾ ಮಾನ್ವಿಯಲ್ಲಿ ಶಾಲೆಯ ಟೀಚರ್, ಅಳಿಯನೂ ನೌಕರಿಯಲ್ಲಿದ್ದಾನೆ, ಮನೆಯಲ್ಲಿ ಉಣ್ಣಲು ಉಡಲು ಕೊರತೆ ಇಲ್ಲ. ಆದರೆ ಮೈ ಸರಿಯಿಲ್ಲವೆಂದು ಸ್ಟೇರಿಂಗ್ ಬಿಟ್ಟ ಡ್ರೈವರಿಗೆ ಡಿಪೊದ ಗೇಟಿನ ಬಳಿ ಒಂದು ಕುರ್ಚಿ ಹಾಕುತ್ತಾರೆ. ಅಲ್ಲಿ ಕುಳಿತು ಒಳಗೆ ಬರುವ ಬಸ್ಸಿನ ನಂಬರು ಬರೆದುಕೊಳ್ಳುವುದು. ಕೈಗೆ ಸಂಬಳ ಬರುತ್ತದೆ, ಮರ್ಯಾದೆ ಬರುವುದಿಲ್ಲ. ಹಂಪಯ್ಯಣ್ಣನ ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಅಷ್ಟನ್ನೂ ಸ್ಟೇರಿಂಗಿನ ಮೇಲೇ ಮುಗಿಸಬೇಕು ಎನ್ನುವುದೊಂದೇ ಅವನ ಆಸೆ.

ನಮ್ಮ ದಾರಿಯಲ್ಲಿ ಒಂದು ಹಳ್ಳ ಬರುತ್ತದೆ. ರಸ್ತೆ ಸರ್ರನೆ ಇಳಿದು, ಸಣ್ಣ ಸೇತುವೆ ದಾಟಿ, ಅಷ್ಟೇ ನೆಟ್ಟಗೆ ಏರುತ್ತದೆ. ಇಳಿಯುವಾಗಲೇ ಗೇರು ಇಳಿಸಿಕೊಂಡಿರಬೇಕು. ಕಳೆದ ದೀಪಾವಳಿಯ ಹಿಂದುಮುಂದು ಒಂದು ದಿನ ಗೇರು ಬೀಳಲಿಲ್ಲ. ಕ್ಲಚ್ ಪೂರ್ತಿ ಒಳಗೆ ಹೋಗಿರಲಿಲ್ಲ. ಏರಿನ ಅರ್ಧದಲ್ಲಿ ಬಸ್ಸು ನಿಂತು ಹಿಂದಕ್ಕೆ ಸರಿಯತೊಡಗಿತು. ಹಿಂದೆ ಬೈಕಿನ ಮೇಲೆ ಗಂಡ, ಹೆಂಡತಿ, ಒಂದು ಕೂಸು. ಅವನು ಬ್ರೇಕ್ ಹಿಡಿಯುವಷ್ಟರಲ್ಲಿ ಬಸ್ಸು ನಾಲ್ಕು ಮಾರು ಸರಿದಿತ್ತು. ಬೈಕಿನವನು ಗಟಾರಕ್ಕೆ ಇಳಿದು ಬದುಕಿಕೊಂಡ.

ಮರುದಿನದಿಂದ ನಾನು ಹಳ್ಳ ಬರುವ ಮೊದಲೇ ಒಂದು ಸೀಟಿ ಊದತೊಡಗಿದೆ. ಒಂದು ಸೀಟಿ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ನಿಂತ ಬಸ್ಸಿಗೆ ಕೆಳಗಿನ ಗೇರು ಹಾಕಲು ಅವಸರವಿಲ್ಲ. ಅದೇ ಗೇರಿನಲ್ಲಿ ನಿಧಾನ ಇಳಿದು ನಿಧಾನ ಏರಬಹುದು. ಅಲ್ಲಿ ಇಳಿಯುವವರೂ ಇಲ್ಲ, ಹತ್ತುವವರೂ ಇಲ್ಲ, ಜಾಲಿಗಿಡ ಬಿಟ್ಟರೆ ಏನೂ ಇಲ್ಲ. ದಿನಾ ಬೈಸಿಕೊಳ್ಳುವವಳು ನಾನು. ಯಾರಿಗೆ ನಿಲ್ಲಿಸಿದಿ, ದೆವ್ವ ಹತ್ತಬೇಕೇನು ಎಂದು ಮುದುಕಿಯರು ಕೇಳುತ್ತಿದ್ದರು. ನಾನು ಟಿಕೆಟ್ ಚೆಕ್ ಮಾಡಬೇಕು ಎಂದು ಸುಳ್ಳು ಹೇಳುತ್ತಿದ್ದೆ. ಹಂಪಯ್ಯಣ್ಣ ಯಾಕೆ ಸೀಟಿ ಊದಿದೆ ಎಂದು ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇದನ್ನು ನಾನು ಸ್ನೇಹ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೊಸ ಡ್ರೈವರಿಗೆ ಮತ್ತೆ ಹೊಂದಿಕೊಳ್ಳುವ ತ್ರಾಣ ನನಗೂ ಇರಲಿಲ್ಲ.

ಅಷ್ಟರಲ್ಲಿ ವಯಸ್ಸಾದ ಡ್ರೈವರುಗಳ ಮೈ ತಪಾಸಣೆಯ ಪಟ್ಟಿ ಬಂತು. ಹಂಪಯ್ಯಣ್ಣನದು ಮಂಗಳವಾರ. ಸೋಮವಾರ ಮಂಡಿಗೆ ಒಂದು ಸೂಜಿ ಹಾಕಿಸಿಕೊಂಡರೆ ಎರಡು ದಿನ ನೋವು ತಿಳಿಯುವುದಿಲ್ಲ, ಕುಂಟದೆ ನಡೆದು ಹೋಗಿ ಬರಬಹುದು. ಸೂಜಿ ಹಾಕುವವರನ್ನು ಹುಡುಕಿಕೊಟ್ಟವಳೂ ನಾನೇ. ಒಮ್ಮೆ ಪಾಸಾದರೆ ಮುಂದಿನ ತಪಾಸಣೆ ಬರುವುದರೊಳಗೆ ಅವನ ಸೇವೆಯೇ ಮುಗಿದಿರುತ್ತದೆ.

ಇನ್ನು ಆಸಿಫನ ಗಾಡಿಯ ಮಾತು. ಆಸಿಫ್ ಮಾನ್ವಿಯ ಅಕ್ಕಿ ಗಿರಣಿಯವನು, ಮೂವತ್ತೈದರ ಪ್ರಾಯ. ಕಾಲೇಜು ಓದುವ ದಿನಗಳಲ್ಲಿ ದೇವದುರ್ಗದ ಅಜ್ಜಿಯ ಮನೆಯಲ್ಲಿದ್ದು ದಿನಾ ಹಂಪಯ್ಯಣ್ಣನ ಬಸ್ಸಿನಲ್ಲಿ ರಾಯಚೂರಿಗೆ ಬರುತ್ತಿದ್ದ. ಸೀಟು ಖಾಲಿ ಇದ್ದರೂ ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಕುಳಿತು, ಕೆಳಗೆ ಸುಟ್ಟರೂ ಸಹಿಸಿಕೊಂಡು, ಗೇರು ಹಾಕುವುದನ್ನು ನೋಡುತ್ತಿದ್ದನಂತೆ. ಗಾಡಿಯ ಹುಚ್ಚು ಅಲ್ಲಿಂದಲೇ ಹತ್ತಿದ್ದು ಎಂದು ಇವತ್ತಿಗೂ ಹೇಳುತ್ತಾನೆ, ಹಂಪಯ್ಯಣ್ಣನನ್ನು ಉಸ್ತಾದ್ ಎಂದೇ ಕರೆಯುತ್ತಾನೆ. ಹೈದರಾಬಾದಿನಿಂದ ಯಾರೋ ಬಳಸಿ ಬಿಟ್ಟ ಒಂದು ಸ್ಪೋರ್ಟ್ಸ್ ಕಾರು ತಂದಿದ್ದ. ಉಸ್ತಾದ್ ಒಮ್ಮೆ ಓಡಿಸಿದರೆ ಮಾತ್ರ ಅದು ತನ್ನದಾದಂತೆ ಎಂದು ಹಟ ಹಿಡಿದ. ನಮಗಿಬ್ಬರಿಗೂ ಭಾನುವಾರ ವಾರದ ರಜೆ. ಮಗಳನ್ನೂ ನೋಡಿದಂತಾಯಿತು ಎಂದು ಹಂಪಯ್ಯಣ್ಣ ಒಪ್ಪಿದ, ಅಕ್ಕಾ ನೀವೂ ಬರ್ರಿ ಎಂದು ಆಸಿಫ್ ನನ್ನನ್ನೂ ಎಳೆದುಕೊಂಡ.

ಬೂದು ಬಣ್ಣದ, ನೆಲಕ್ಕೆ ಅಂಟಿಕೊಂಡಂಥ ಗಾಡಿ. ಬಾಗಿಲು ಎರಡೇ. ಹಿಂದೆಯೂ ಎರಡು ಸೀಟು ಇವೆ ಎಂದು ಅದನ್ನು ಮಾಡಿದವರು ಹೇಳುತ್ತಾರಂತೆ. ಅಲ್ಲಿ ತರಕಾರಿ ಚೀಲ ಕೂರಬಹುದು, ಮನುಷ್ಯರು ಕೂರುವಂತಿಲ್ಲ. ನಾನು ಮೊಣಕಾಲನ್ನು ಗದ್ದಕ್ಕೆ ಹಚ್ಚಿ ಕುಳಿತೆ. ಕಂಡಕ್ಟರಿಗೆ ಎಲ್ಲಿ ಹೋದರೂ ಹಿಂದಿನ ಜಾಗವೇ.

ರಾಯಚೂರಿನ ಹೊರಗೆ ಹಂಪಯ್ಯಣ್ಣ ಸ್ಟೇರಿಂಗ್ ಹಿಂದೆ ಇಳಿದ. ಹತ್ತಿದ ಎನ್ನುವಂತಿಲ್ಲ. ಬಸ್ಸಿನ ಸೀಟು ಕಟ್ಟೆಯ ಹಾಗೆ ಎತ್ತರ, ಇದು ಊಟದ ಗಂಗಾಳದಲ್ಲಿ ಕುಳಿತ ಹಾಗೆ ಇತ್ತು. ಸೊಂಟ ಕೆಳಗೆ, ಕಾಲು ಮುಂದಕ್ಕೆ ಚಾಚಿಕೊಂಡು, ಎರಡೂ ಪಕ್ಕೆಗೆ ಮೆತ್ತೆಯ ದಿಂಡು ಒತ್ತಿಕೊಂಡು ಕೂರಬೇಕು. ಅವನು ಬಗ್ಗಿ ಕೆಳಗೆ ನೋಡಿ ಕ್ಲಚ್ ಎಲ್ಲಿ ಎಂದು ಕೇಳಿದ.

ಆಸಿಫ್ ಇದೇ ಪ್ರಶ್ನೆಗೆ ಕಾದಿದ್ದವನಂತೆ ನಕ್ಕ. ಕ್ಲಚ್ ಇಲ್ಲ. ಒಂದು ಎಕ್ಸಲರೇಟರ್, ಒಂದು ಅಗಲದ ಬ್ರೇಕ್, ಎರಡಕ್ಕೂ ಬಲಗಾಲೇ. ಎಡಗಾಲಿಗೆ ಪಕ್ಕದಲ್ಲಿ ಒರಗಿಸಲು ಒಂದು ಜಾಗ ಇದೆ, ಅಲ್ಲಿಂದ ಅದು ಅಲುಗಾಡಬಾರದು. ಹಳೆಯ ಅಭ್ಯಾಸದಲ್ಲಿ ಕ್ಲಚ್ ಎಂದು ತುಳಿದರೆ ಕಾಲು ಬ್ರೇಕಿನ ಮೇಲೆ ಬೀಳುತ್ತದೆ, ಗಾಡಿ ಗಕ್ಕನೆ ನಿಲ್ಲುತ್ತದೆ. ಹೋದ ವಾರ ಅವನ ಭಾವ ಖಾಜಾಮಿಯಾ ಹಾಗೆ ಮಾಡಿದಾಗ ಬೆಲ್ಟ್ ಕಚ್ಚಿ ಎದೆಯ ಮೇಲೆ ಬರೆ ಎದ್ದಿತ್ತು. ಲಾರಿ, ಬಸ್ಸು ಓಡಿಸಿದವರೆಲ್ಲ ಮೊದಲ ದಿನ ಮಾಡುವ ತಪ್ಪು ಅದೇ ಎಂದ. ಹಂಪಯ್ಯಣ್ಣ ತನ್ನ ಎಡಗಾಲನ್ನು ಕೈಯಿಂದ ಎತ್ತಿ ಆ ಜಾಗದಲ್ಲಿಟ್ಟ. ಆಸಿಫ್ ಅದನ್ನು ತಮಾಷೆ ಎಂದುಕೊಂಡ. ಅದು ತಮಾಷೆಯಲ್ಲ, ಆ ಕಾಲನ್ನು ಅವನು ಎತ್ತುತ್ತಿದ್ದದ್ದೇ ಹಾಗೆ.

ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಗಾಡಿ ತಾನೇ ತೆವಳಿತು. ಸ್ಟೇರಿಂಗಿನ ಕೆಳಗೆ ಗಾಡಿಯ ನಡೆ ಬದಲಿಸುವ ಒಂದು ಸಣ್ಣ ತಿರುಗಣೆ, ಅದು ಕಂಫರ್ಟ್, ಅಂದರೆ ಆರಾಮದ ನಡೆಯ ಮೇಲಿತ್ತು. ಗೇರು ಬೀಳುವುದು ಗೊತ್ತೇ ಆಗುವುದಿಲ್ಲ. ಮುಂದಿನ ಗಾಜಿನ ಕೆಳಗೆ ಅಂಕಿ ಮಾತ್ರ ಬದಲಾಗುತ್ತದೆ. ಎರಡು, ಮೂರು, ಐದು. ಊರಿನ ಕೊನೆಯ ಪೆಟ್ರೋಲ್ ಬಂಕ್ ದಾಟುವುದರೊಳಗೆ ಏಳು. ಎಂಜಿನ್ ಉಸಿರಾಡುತ್ತಿದೆಯೋ ಇಲ್ಲವೋ ಎನ್ನುವಷ್ಟು ತಣ್ಣಗೆ. ಒಳಗೆ ತಾವೇ ಕೆಲಸ ಮಾಡುವ ಎರಡು ಕ್ಲಚ್ ಇವೆ ಎಂದು ಆಸಿಫ್ ವಿವರಿಸಿದ. ಒಂದು ಈಗಿನ ಗೇರನ್ನು ಹಿಡಿದುಕೊಂಡಿರುತ್ತದೆ, ಇನ್ನೊಂದು ಮುಂದಿನ ಗೇರನ್ನು ಸಿದ್ಧ ಮಾಡಿಕೊಂಡು ಕಾಯುತ್ತಿರುತ್ತದೆ. ಒಂದು ಬಿಡುವ ಹೊತ್ತಿಗೆ ಇನ್ನೊಂದು ಹಿಡಿಯುತ್ತದೆ, ನಡುವೆ ಬಿಡುವೇ ಇಲ್ಲ.

"ಅಂದ್ರ ಒಳಗ ಇಬ್ರು ಡ್ರೈವರ್ ಅದಾರ," ಅಂದ ಹಂಪಯ್ಯಣ್ಣ. "ನಮಗ ಒಬ್ಬ ಕ್ಲೀನರ್ ಸೈತ ಇದ್ದಿಲ್ಲ."

ಅವನ ದನಿ ಹಗುರವಾಗಿತ್ತು. ಕನ್ನಡಿಯಲ್ಲಿ ಮುಖ ಕಾಣುತ್ತಿತ್ತು, ಹುಬ್ಬು ಸಡಿಲಾಗಿತ್ತು. ಹತ್ತು ಕಿಲೋಮೀಟರ್ ಅವನು ಒಮ್ಮೆಯೂ ನೋವಿಗೆ ಹಲ್ಲು ಕಚ್ಚದೆ ಓಡಿಸಿದ. ಕಳೆದ ವರ್ಷದಲ್ಲಿ ಅಂಥ ಹತ್ತು ಕಿಲೋಮೀಟರ್ ನಾನು ಕಂಡಿರಲಿಲ್ಲ. ನನಗೆ ಸಂತೋಷಕ್ಕಿಂತ ಹೊಟ್ಟೆಯುರಿ ಹೆಚ್ಚಾಯಿತು. ಇಂಥ ಗಾಡಿ ದುಡಿಯುವವರ ಕೈಗೆ ಬರದೆ ಭಾನುವಾರ ತಿರುಗುವವರ ಕೈಗೇ ಯಾಕೆ ಬರುತ್ತದೆ ಎಂದು ಸಿಟ್ಟು ಬಂತು.

ಕಲ್ಮಲದ ಕ್ರಾಸಿನಲ್ಲಿ ಮಾನ್ವಿಯ ಕಡೆ ತಿರುಗಿದ ಮೇಲೆ ರಸ್ತೆ ನೇರ. ಎರಡೂ ಕಡೆ ಹತ್ತಿ ಕಿತ್ತು ಮುಗಿದ ಹೊಲ. ಆಸಿಫ್ ಕೈ ಚಾಚಿ ತಿರುಗಣೆಯನ್ನು ಸ್ಪೋರ್ಟಿಗೆ ತಿರುಗಿಸಿದ. ಏಳಿದ್ದ ಅಂಕಿ ಕಣ್ಣು ಮಿಟುಕಿಸುವುದರೊಳಗೆ ನಾಲ್ಕಾಯಿತು, ಎಂಜಿನ್ ನಿದ್ದೆಯಿಂದ ಎದ್ದು ಗುಡುಗಿತು, ಸ್ಟೇರಿಂಗ್ ಬಿಗಿಯಾಯಿತು ಎಂದು ಹಂಪಯ್ಯಣ್ಣನೇ ಹೇಳಿದ. ಮೊದಲು ಒತ್ತಬೇಕಾಗಿದ್ದ ಎಕ್ಸಲರೇಟರಿಗೆ ಈಗ ಮುಟ್ಟಿದರೆ ಸಾಕು. ಕೆಳಗಿನ ಸ್ಪ್ರಿಂಗ್ ಕೂಡ ಗಟ್ಟಿಯಾಗಿ, ರಸ್ತೆಯ ಒಂದೊಂದು ತೇಪೆಯೂ ನನ್ನ ಬಾಲಮೂಳೆಗೆ ಮುಟ್ಟುತ್ತಿತ್ತು. ಆಮೇಲೆ ಸ್ಪೋರ್ಟ್ ಪ್ಲಸ್ ಎಂದು ಇನ್ನೊಂದು ಬಂತು. ಅದರಲ್ಲಿ ಗೇರು ಬಿದ್ದಾಗೊಮ್ಮೆ ಬೆನ್ನಿಗೆ ಬೇಕೆಂದೇ ಒಂದು ಗುದ್ದು. ಕಾಲು ತೆಗೆದರೆ ಹಿಂದಿನ ಕೊಳವೆಯಲ್ಲಿ ಪಟಪಟ ಸಿಡಿಯುವ ಸದ್ದು.

ಹಂಪಯ್ಯಣ್ಣ ಇದಕ್ಕೆ ನಕ್ಕುಬಿಟ್ಟ. ಗೇರು ಬಿದ್ದದ್ದು ಹಿಂದೆ ಕುಳಿತ ಬಸುರಿಗೆ ಗೊತ್ತಾಗಬಾರದು ಎಂದು ನಾವು ಜನ್ಮ ಸವೆಸಿದೆವು, ಇವರು ಗುದ್ದಿಗಾಗಿಯೇ ದುಡ್ಡು ಕೊಡುತ್ತಾರಲ್ಲ ಎಂದ. ಆಸಿಫನಿಗೂ ನಗು ಬಂತು. ಅದನ್ನು ತಿರುಗಿಸಿ ಮತ್ತೆ ಸ್ಪೋರ್ಟಿಗೆ ತಂದು, ಸ್ಟೇರಿಂಗಿನ ಹಿಂದೆ ಕಿವಿಯಂತೆ ಚಾಚಿದ ಎರಡು ಪಟ್ಟಿಗಳನ್ನು ತೋರಿಸಿದ. ಬೇಕಾದರೆ ಗೇರನ್ನು ನಾವೇ ಹಾಕಬಹುದು. ಬಲದ ಪಟ್ಟಿ ಎಳೆದರೆ ಮೇಲಿನ ಗೇರು, ಎಡದ್ದು ಎಳೆದರೆ ಕೆಳಗಿನದು.

ಆಗ ನೋಡಬೇಕಿತ್ತು. ಆಸಿಫ್ ಎಂಜಿನ್ ವೇಗ ತೋರಿಸುವ ಮುಳ್ಳು ನೋಡಿ ಗೇರು ಹಾಕುತ್ತಾನಂತೆ, ಹಂಪಯ್ಯಣ್ಣ ಮುಳ್ಳಿನ ಕಡೆ ಕಣ್ಣೇ ಹಾಯಿಸಲಿಲ್ಲ. ಎಂಜಿನ್ನಿನ ದನಿ ಒಂದು ಮಟ್ಟಕ್ಕೆ ಬರುತ್ತಿದ್ದಂತೆ ಬೆರಳು ಎಳೆಯುತ್ತಿತ್ತು, ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತಿತ್ತು. ಕೆಳಗಿನ ಗೇರಿಗೆ ಎಡದ ಪಟ್ಟಿ ಎಳೆದಾಗ ಇನ್ನೊಂದು ಸೋಜಿಗ. ಗೇರು ಬೀಳುವ ಮೊದಲು ಎಂಜಿನ್ ತಾನೇ ಒಮ್ಮೆ ಎದ್ದು ಎಷ್ಟು ಬೇಕೋ ಅಷ್ಟೇ ದನಿ ಏರಿಸಿಕೊಳ್ಳುತ್ತಿತ್ತು. ಹಳೆಯ ಬಸ್ಸಿನಲ್ಲಿ ಎರಡು ತುಳಿತದ ನಡುವೆ ಅವನು ಕಾಲಿನಿಂದ ಕೊಡುತ್ತಿದ್ದದ್ದೂ ಅದನ್ನೇ. ಅವನು ಮತ್ತೊಮ್ಮೆ ಎಳೆದು ಕೇಳಿದ, ಇನ್ನೊಮ್ಮೆ ಎಳೆದು ಕೇಳಿದ.

"ನಾಕು ವರ್ಷ ಬೈಸ್ಕೊಂಡು ಇದನ್ನ ಕಲ್ತಿದ್ನಿ," ಅಂದ. "ಇದಕ್ಕ ಒಂದು ಬೆರಳ ಸಾಕು."

ಅಷ್ಟು ಚೆಂದ ಓಡಿಸುತ್ತಿದ್ದವನ ಮುಖದಲ್ಲಿ ದಣಿವು ಇಳಿದದ್ದು ಕನ್ನಡಿಯಲ್ಲಿ ಕಂಡಿತು. ಆ ನಾಲ್ಕು ವರ್ಷ ಯಾಕಾಗಿ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದನೋ ಏನೋ.

ಮುಂದೆ ಒಂದು ಹಳ್ಳಿ, ಹಳ್ಳಿಯ ಬಾಯಲ್ಲಿ ರಸ್ತೆಗೆ ಅಡ್ಡ ಉಬ್ಬು. ಅವನ ಕಣ್ಣು ದೂರದಿಂದಲೇ ಅದನ್ನು ಹಿಡಿಯಿತು. ಕಣ್ಣು ಹಿಡಿದ ಮೇಲೆ ಮೈ ಯಾರ ಮಾತೂ ಕೇಳುವುದಿಲ್ಲ. ಬಲಗಾಲು ಎಕ್ಸಲರೇಟರ್ ಬಿಟ್ಟಿತು, ಎಡಗೈ ಇಲ್ಲದ ಗೇರಿನ ಕಡೆ ಹೋಯಿತು, ಎಡಗಾಲು ಸರಿದು ಬ್ರೇಕಿನ ಮೇಲೆ ತುಳಿಯಿತು. ಆಸಿಫ್ ಅದನ್ನು ನೋಡಿ ಎರಡೂ ಕೈ ಮುಂದಕ್ಕೆ ಚಾಚಿ ಆತುಕೊಂಡ. ನಾನು ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡೆ.

ಏನೂ ಆಗಲಿಲ್ಲ. ಗಾಡಿ ಯಾರೋ ಮೈ ಸವರಿದ ಹಾಗೆ ಮೆಲ್ಲಗೆ ವೇಗ ಇಳಿಸಿಕೊಂಡು, ಉಬ್ಬಿನ ಮೇಲೆ ಮೆತ್ತಗೆ ಹತ್ತಿ ಇಳಿಯಿತು.

ಆಸಿಫ್ ಸೀಟಿನಲ್ಲೇ ತಿರುಗಿ ಕುಳಿತ. "ವ್ಹಾ ಉಸ್ತಾದ್. ಎಡಗಾಲಿಂದ ಹಿಂಗ ಮೆತ್ತಗ ಬ್ರೇಕ್ ಹಿಡ್ಯಾಕ ರೇಸಿನ ಮಂದಿ ವರ್ಷಗಟ್ಟಲೆ ಕಲೀತಾರ್ರಿ. ನೀವು ಒಂದ ದಿನಕ್ಕ ಹಿಡದ್ರಿ."

ಹಳ್ಳಿ ದಾಟಿತು. ಮತ್ತೆ ನೇರ ರಸ್ತೆ, ನೀರಮಾನ್ವಿಯ ಗುಡ್ಡ ದೂರದಲ್ಲಿ ಕಾಣುತ್ತಿತ್ತು. ಹಂಪಯ್ಯಣ್ಣ ಮೂರೂ ಕನ್ನಡಿ ನೋಡಿದ. ಹಿಂದೆ ಯಾರಾದರೂ ಬರುತ್ತಿದ್ದಾರೇನು ಎಂದು ನನ್ನನ್ನು ಕೇಳಿದ. ಯಾರೂ ಇಲ್ಲ ಎಂದೆ. ಬೆಲ್ಟ್ ಸರಿಯಾಗಿ ಹಾಕ್ಕೋರ್ರಿ ಇಬ್ಬರೂ ಎಂದ. ಬಲಗಾಲನ್ನು ಪೂರ್ತಿ ಹಿಂದಕ್ಕೆ ಎಳೆದುಕೊಂಡ. ಎಡಗಾಲನ್ನು ಬ್ರೇಕಿನ ಮೇಲಿಟ್ಟು ತುಳಿದ.

ಕನ್ನಡಿಯಲ್ಲಿ ಅವನ ಮುಖ ನನಗೆ ಕಾಣುತ್ತಿತ್ತು. ದವಡೆ ಕಚ್ಚಿತ್ತು, ಹಣೆಯ ನರ ಎದ್ದಿತ್ತು. ಮೈಯಲ್ಲಿದ್ದ ಬಲವನ್ನೆಲ್ಲ ಆ ಕಾಲಿಗೆ ಕಳಿಸುತ್ತಿದ್ದ. ಗಾಡಿ ಅವಸರವಿಲ್ಲದೆ ಎಂಬತ್ತರಿಂದ ಎಪ್ಪತ್ತಕ್ಕೆ, ಎಪ್ಪತ್ತರಿಂದ ಅರವತ್ತಕ್ಕೆ ಇಳಿಯುತ್ತಿತ್ತು. ಬಸ್ಸಿನಲ್ಲಾದರೆ ಸೀಟಿನಿಂದ ಎದ್ದು ಮೈಭಾರ ಹಾಕುತ್ತಿದ್ದ. ಈ ಗಂಗಾಳದಂಥ ಸೀಟು ಅವನನ್ನು ಏಳಲು ಬಿಡುತ್ತಿರಲಿಲ್ಲ. ಕಾಲು ಒಂಟಿಯಾಗಿ ತನ್ನ ಕೆಲಸ ತಾನೇ ಮಾಡಬೇಕಿತ್ತು.

ಆಮೇಲೆ ಅವನು ಬಲಗಾಲು ಇಟ್ಟು ತುಳಿದ. ಬೆಲ್ಟ್ ಎದೆಗೆ ಕಚ್ಚಿತು, ನನ್ನ ಮೂಗು ಮುಂದಿನ ಸೀಟಿಗೆ ಬಡಿಯಿತು, ಗಾಡಿ ಗಕ್ಕನೆ ನಿಂತಿತು. ಆಸಿಫ್ ಉಸ್ತಾದ್ ಏನಾಯಿತು ಎಂದು ಗಾಬರಿಯಾಗಿ ಕೇಳಿದ. ಏನಿಲ್ಲ, ಬ್ರೇಕ್ ಚಲೋ ಅದಾವು ಎಂದು ಹಂಪಯ್ಯಣ್ಣ ಹೇಳಿದ. ಗಾಡಿಯನ್ನು ಬದಿಗೆ ಹಚ್ಚಿ, ಬಾಗಿಲ ಮೇಲಂಚು ಹಿಡಿದುಕೊಂಡು ಕಷ್ಟಪಟ್ಟು ಎದ್ದು ಹೊರಗೆ ಬಂದ. ಇನ್ನು ನೀನೇ ಓಡಿಸಪ್ಪಾ, ನೋಡಿದ್ದಾಯಿತು ಎಂದ. ಆಸಿಫ್ ಎಷ್ಟು ಹೇಳಿದರೂ ಮತ್ತೆ ಆ ಸೀಟಿಗೆ ಹೋಗಲಿಲ್ಲ.

ಮಾನ್ವಿಯಲ್ಲಿ ಆಸಿಫನ ತಾಯಿ ನೂರ್ ಬೀ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಮಾಡಿ ಕಾಯುತ್ತಿದ್ದರು. ಆಸಿಫ್ ಬಂದವರಿಗೆಲ್ಲ ಉಸ್ತಾದನ ಎಡಗಾಲಿನ ಕತೆ ಹೇಳಿದ. ಅರವತ್ತರ ಹತ್ತಿರ ಬಂದವರಿಗೆ ಇಂಥ ನಾಜೂಕು ಎಲ್ಲಿಂದ ಬರುತ್ತದೆ ಎಂದು ಖಾಜಾಮಿಯಾ ತನ್ನ ಎದೆ ಮುಟ್ಟಿಕೊಂಡು ಆಶ್ಚರ್ಯಪಟ್ಟ. ಹಂಪಯ್ಯಣ್ಣ ತಲೆ ತಗ್ಗಿಸಿ ಒಗ್ಗರಣೆ ತಿಂದ. ಎದ್ದು ಹೇಳಿಬಿಡಲೇನು ಎಂದು ನನಗೆ ಎರಡು ಸಲ ಅನ್ನಿಸಿತು. ಆ ಹೊಗಳಿಕೆ ಕೇಳುತ್ತ ಕೂರುವುದು ಬೈಗುಳ ಕೇಳುವುದಕ್ಕಿಂತ ಕಷ್ಟವಾಗಿತ್ತು.

ಮಗಳ ಮನೆಗೆ ಹೋಗಿ ಬಂದು ಸಂಜೆ ಬಸ್ಸಿನಲ್ಲೇ ರಾಯಚೂರಿಗೆ ಹೊರಟೆವು. ಸೀಟಿನಲ್ಲಿ ಅವನ ಪಕ್ಕ ನಾನು ಮೊದಲ ಸಲ ಕುಳಿತಿದ್ದೆ. ನಾಳೆ ಸೂಜಿಗೆ ಎಷ್ಟು ಹೊತ್ತಿಗೆ ಹೋಗೋಣ ಎಂದು ನಾನೇ ಮಾತು ತೆಗೆದೆ. ಏನೂ ಆಗಿಲ್ಲವೆಂಬಂತೆ ಕೇಳಿದೆ. ಅವನು ಬ್ಯಾಡ ಎಂದ. ನನಗೆ ಸಿಟ್ಟು ಬಂತು. ಹದಿನಾಲ್ಕು ತಿಂಗಳು ಹೇಗೋ ತೆಗೆದುಬಿಡೋಣ, ಅಷ್ಟು ವರ್ಷ ಬಂದವನು ದಂಡೆಗೆ ಬಂದು ಮುಳುಗುತ್ತೀಯಾ, ನಾಳೆಯಿಂದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ನಿನ್ನೆ ಮೊನ್ನೆ ಬಂದವರಿಗೆ ನಮಸ್ಕಾರ ಹೊಡೆಯುತ್ತೀಯಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ.

"ಹಳ್ಳದ ಹತ್ರ ಯಾಕ ಸೀಟಿ ಹೊಡೀತಿದ್ದಿ, ನನಗ ಗೊತ್ತಿಲ್ಲೇನು ಯವ್ವಾ?" ಅಂದ. "ಗೊತ್ತಿದ್ದೂ ಸುಮ್ನಿದ್ನಿ. ಕಾಲು ಬ್ಯಾನಿ ಆಗ್ತದ, ಆದ್ರ ಬಲ ಅದ ಅನ್ಕೊಂಡಿದ್ನಿ. ಬ್ಯಾನಿ ತಡಕೋಬೌದು. ಇವತ್ತ ನೋಡಿದ್ನಿ, ಅದರಾಗ ಬಲಾನ ಇಲ್ಲ."

ಸೂಜಿ ನೋವು ತೆಗೆಯುತ್ತದೆ, ಬಲ ಕೊಡುವುದಿಲ್ಲ ಎಂದು ಅವನು ಹೇಳಬೇಕಾಗಿರಲಿಲ್ಲ. ನನಗೆ ಅಳು ಬಂತು. ಅವನಿಗಾಗಿ ಅತ್ತೆನೋ, ಆ ಬೈಕಿನ ಮೇಲಿದ್ದ ಕೂಸು ನೆನಪಾಗಿ ಅತ್ತೆನೋ, ಇಷ್ಟು ದಿನ ಊದಿದ ಸೀಟಿಗೆ ನಾಚಿಕೆಯಾಗಿ ಅತ್ತೆನೋ ತಿಳಿಯದು. ಬಸ್ಸಿನ ಡ್ರೈವರ್ ಗೇರು ಬದಲಿಸಿದಾಗೆಲ್ಲ ಪಕ್ಕದಲ್ಲಿ ಹಂಪಯ್ಯಣ್ಣನ ಎಡಗಾಲು ನೆಲವನ್ನು ಒತ್ತುತ್ತಿತ್ತು. ರಾಯಚೂರು ಬರುವವರೆಗೂ ಒತ್ತಿತು.

ಮಂಗಳವಾರ ಕಾಗದ ಪತ್ರ ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ಅವನು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡಿದ್ದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಕಣ್ಣು ನೋಡಿದರು, ಚಲೋ ಇತ್ತು. ಬಿಪಿ, ಸಕ್ಕರೆ, ಅದೂ ಚಲೋ ಇತ್ತು. ಎಬ್ಬಿಸಿ ಕೂರಿಸಿದರು, ಅವನು ಮೇಜು ಹಿಡಿಯದೆ ಹೇಗೋ ಎದ್ದು ಕುಳಿತ. ಮತ್ತೇನಾದರೂ ತೊಂದರೆ ಇದೆಯೇ ಎಂದು ಕೇಳುತ್ತ ಅವರು ಪೆನ್ನು ಎತ್ತಿಕೊಂಡರು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಹದಿನಾಲ್ಕು ತಿಂಗಳು ಅವನದಾಗುತ್ತಿತ್ತು. ಹೇಳಲಿ ಎಂದು ಆ ಗಳಿಗೆಯಲ್ಲೂ ನನ್ನ ಮನಸ್ಸು ಬೇಡಿಕೊಂಡಿತು.

ಹಂಪಯ್ಯಣ್ಣ ಬಗ್ಗಿ ಎಡಗಾಲಿನ ಬೂಟು ಬಿಚ್ಚಿದ. ಕರವಸ್ತ್ರ ತೆಗೆದು ಅಂಗಾಲು ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಜೀವಮಾನದಲ್ಲಿ ಯಾರ ಕೈಗೂ ಕಾಲು ತಾಗಿಸದೆ ಬದುಕಿದ ಮನುಷ್ಯ.

"ತಪ್ಪು ತಿಳೀಬ್ಯಾಡ್ರಿ ಮೇಡಂ," ಅಂದ. "ಇಲ್ಲಿ ಒಂದೀಟು ಕೈ ಹಿಡೀರಿ. ನಾ ತುಳದು ತೋರಸ್ತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅಂಗೈಯನ್ನು ಅವನ ಅಂಗಾಲಿಗೆ ಆನಿಸಿ ಹಿಡಿದರು. ಅವನು ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಹೊರಗೆ ಯಾರದೋ ಹೆಸರು ಕೂಗಿದರು. ಡಾಕ್ಟರಮ್ಮ ಅವನ ಪಾದವನ್ನು ನೋಡುತ್ತ ಕಾದರು.

"ಹೂಂ, ಈಗ ತುಳೀರಿ," ಅಂದರು.

"ಆಗಿನಿಂದ ತುಳ್ಯಾಕತ್ತೀನ್ರಿ ಮೇಡಂ," ಅಂದ ಹಂಪಯ್ಯಣ್ಣ.